ಚಂದಾ ಕಟ್ಟುವುದು ಸುಲಭ, ಬಿಡುವುದು ಯಾಕಲ್ಲ?

ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರ ಜೂನ್‌ನಲ್ಲಿ ಅಮೆಜಾನ್ ಮೇಲೆ ದಾವೆ ಹೂಡಿತು. ಪ್ರೈಮ್ ಸದಸ್ಯರಾಗಲು ಒಂದೆರಡು ಸಲ ಬಟನ್ ಒತ್ತಿದರೆ ಸಾಕು, ಸದಸ್ಯತ್ವ ಬಿಡಬೇಕೆಂದರೆ ನಾಲ್ಕು ಪುಟ ದಾಟಿ, ಆರು ಸಲ ಒತ್ತಿ, ನಡುವೆ ಎದುರಾಗುವ ಹದಿನೈದು ಆಯ್ಕೆಗಳಲ್ಲಿ ಸರಿಯಾದದ್ದನ್ನು ಹುಡುಕಿಕೊಂಡು ಹೋಗಬೇಕು ಎಂಬುದು ಮುಖ್ಯ ಆರೋಪಗಳಲ್ಲೊಂದು. ಈ ದಾರಿಗೆ ಕಂಪನಿಯ ಒಳಗೆ ಹೋಮರನ ಯುದ್ಧಕಾವ್ಯ ‘ಇಲಿಯಡ್’ ಹೆಸರನ್ನು ಇಟ್ಟುಕೊಂಡಿದ್ದರು ಎಂದೂ ದಾವೆ ಹೇಳಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಪ್ರಕರಣ 250 ಕೋಟಿ ಡಾಲರ್‌ಗೆ ರಾಜಿಯಾಯಿತು. ಅದರಲ್ಲಿ 150 ಕೋಟಿ ಗ್ರಾಹಕರಿಗೆ ಮರಳಬೇಕಾದ ಹಣ. ಕಂಪನಿ ತಪ್ಪೊಪ್ಪಿಕೊಳ್ಳಲಿಲ್ಲ. ದಂಡದ ಮೊತ್ತ ದೊಡ್ಡದೇ, ಆದರೆ ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಯುರೋಪಿನಲ್ಲಿ ಅದಕ್ಕೂ ಮೊದಲೇ ನಡೆದದ್ದು. ನಾರ್ವೆಯ ಗ್ರಾಹಕ ಮಂಡಳಿ 2021ರ ಜನವರಿಯಲ್ಲಿ ಇದೇ ದಾರಿಯನ್ನು ಹಂತಹಂತವಾಗಿ ಬಿಡಿಸಿ ತೋರಿಸುವ ವರದಿ ಪ್ರಕಟಿಸಿತು. ಯುರೋಪಿಯನ್ ಕಮಿಷನ್ ಮಧ್ಯೆ ಬಂದ ಮೇಲೆ, 2022ರ ಜುಲೈ ಹೊತ್ತಿಗೆ, ಅಲ್ಲಿನ ಗ್ರಾಹಕರಿಗೆ ಎರಡೇ ಒತ್ತಿನಲ್ಲಿ ಸದಸ್ಯತ್ವ ಬಿಡುವ ಸೌಕರ್ಯ ಸಿಕ್ಕಿತು. ಅಮೆರಿಕದಲ್ಲಿ ಮಾತ್ರ ಹಳೆಯ ದಾರಿ 2023ರ ಏಪ್ರಿಲ್‌ವರೆಗೆ ಉಳಿದಿತ್ತೆಂದು ದಾವೆ ಹೇಳುತ್ತದೆ. ಅಂದರೆ ಚಿಕ್ಕ ದಾರಿ ಮಾಡುವುದು ಗೊತ್ತಿತ್ತು, ಒಂದು ಖಂಡದಲ್ಲಿ ಮಾಡಿಯೂ ಆಗಿತ್ತು. ಕಾನೂನು ಒತ್ತಾಯಿಸದ ಕಡೆ ಅದನ್ನು ಕೊಡಲಿಲ್ಲ, ಅಷ್ಟೆ. ಆ್ಯಪ್‌ಗಳಲ್ಲಿ ‘ಕ್ಯಾನ್ಸಲ್’ ಸಿಗದೆ ಒದ್ದಾಡುವವರಿಗೆ ಇದು ವಿನ್ಯಾಸಕಾರರ ಕೈತಪ್ಪು ಎಂದು ಹೇಳುವಂತಿಲ್ಲ.

ಆನ್‌ಲೈನ್ ಚಂದಾಗಳ ಬಗ್ಗೆ ಜನ ಹೇಳಿಕೊಳ್ಳುವ ಕಷ್ಟಗಳು ಹಲವು: ಮರೆತೇ ಹೋಗಿದ್ದ ಸೇವೆಗೆ ಹಣ ಕಡಿತವಾಗುವುದು, ಆ್ಯಪ್ ತೆಗೆದುಹಾಕಿದ ಮೇಲೂ ಸದಸ್ಯತ್ವ ಮುಂದುವರಿಯುವುದು, ಬಿಡಲು ಹೊರಟವರಿಗೆ ಚಾಟ್‌ಬಾಟ್ ಮತ್ತೆ ಮತ್ತೆ ಅದೇ ಪ್ರಶ್ನೆ ಕೇಳುವುದು. ಇವನ್ನೆಲ್ಲ ಬಿಡಿಬಿಡಿಯಾಗಿ ನೋಡಿದರೆ ಕಿರಿಕಿರಿಗಳು. ಒಟ್ಟಿಗೆ ನೋಡಿದರೆ ಒಂದೇ ಪದ್ಧತಿಯ ಎರಡು ಭಾಗಗಳು ಕಾಣುತ್ತವೆ. ಗ್ರಾಹಕ ಸುಮ್ಮನಿದ್ದರೆ ಅದನ್ನು ಒಪ್ಪಿಗೆ ಎಂದು ಎಣಿಸುವುದು ಮೊದಲನೆಯದು. ಆ ಮೌನವನ್ನು ಮುರಿಯುವುದಕ್ಕೆ ಆದಷ್ಟು ಶ್ರಮ ಬೀಳುವಂತೆ ಮಾಡುವುದು ಎರಡನೆಯದು. ಮೊದಲನೆಯದೊಂದೇ ಇದ್ದರೆ ದೊಡ್ಡ ತಕರಾರಿಲ್ಲ. ವಿಮೆಯ ಕಂತು, ಕರೆಂಟ್ ಬಿಲ್ಲು ತಾನಾಗಿ ಕಟ್ಟಿಹೋಗುವುದು ಉಪಕಾರವೇ. ಮರೆವಿನಿಂದ ಪಾಲಿಸಿ ರದ್ದಾಗುವ ನಷ್ಟ ಸಣ್ಣದಲ್ಲ. ಎರಡೂ ಒಂದಾದಾಗಲೇ ಅನ್ಯಾಯ ಶುರುವಾಗುವುದು. ಕನ್ನಡದ ಸಾಹಿತ್ಯ ಪತ್ರಿಕೆಗಳ ಚಂದಾ ಪದ್ಧತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ವರ್ಷದ ಚಂದಾ ಮನಿಯಾರ್ಡರ್ ಮಾಡಿದರೆ ವರ್ಷವಿಡೀ ಸಂಚಿಕೆ ಅಂಚೆಯಲ್ಲಿ ಬರುತ್ತಿತ್ತು, ಅವಧಿ ಮುಗಿದಾಗ ನವೀಕರಿಸಿ ಎಂಬ ಕೋರಿಕೆ ಬರುತ್ತಿತ್ತು, ಓದುಗರು ಸುಮ್ಮನಾದರೆ ವ್ಯವಹಾರ ಅಲ್ಲಿಗೆ ನಿಲ್ಲುತ್ತಿತ್ತು. ಸಂಪಾದಕರ ಪಾಲಿಗೆ ಅದು ಕಷ್ಟದ ವ್ಯವಸ್ಥೆ. ನವೀಕರಣವಾಗದ ಚಂದಾಗಳಿಂದ ಒಳ್ಳೆಯ ಪತ್ರಿಕೆಗಳು ಸೊರಗಿದ್ದೂ ಉಂಟು. ಆದರೂ ಸುಮ್ಮನಿದ್ದವರ ಜೇಬಿನಿಂದ ಹಣ ಹೋಗುತ್ತಿರಲಿಲ್ಲ. ಈಗ ಆ ಲೆಕ್ಕ ತಿರುವುಮುರುವಾಗಿದೆ: ಏನೂ ಮಾಡದವರು ಕೊಡುತ್ತಲೇ ಇರುತ್ತಾರೆ.

ಮೌನವನ್ನು ಒಪ್ಪಿಗೆ ಎಂದು ತಿಳಿಯುವುದರಲ್ಲಿ ತಪ್ಪೇನು, ಬೇಡವಾದವರು ಬಿಟ್ಟು ಹೋಗುತ್ತಿದ್ದರಲ್ಲ ಎಂದು ಕೇಳಬಹುದು. ಈ ಪ್ರಶ್ನೆಗೆ ಊಹೆಯ ಉತ್ತರ ಬೇಕಿಲ್ಲ. ಅರ್ಥಶಾಸ್ತ್ರಜ್ಞರಾದ ಲಿರಾನ್ ಐನಾವ್, ಬೆನ್ ಕ್ಲೋಪ್ಯಾಕ್ ಮತ್ತು ನೀಲ್ ಮಹೋನಿ ಅಮೆರಿಕದ ಕಾರ್ಡ್ ಪಾವತಿಗಳ ದಾಖಲೆಗಳನ್ನು ಹಿಡಿದು ಇದನ್ನು ಅಳೆದಿದ್ದಾರೆ. ಅವರ ಉಪಾಯ ಸರಳವಾದದ್ದು. ಕಾರ್ಡಿನ ಅವಧಿ ಮುಗಿದೋ ಕಳೆದುಹೋಗಿಯೋ ಹೊಸ ಕಾರ್ಡ್ ಬಂದಾಗ, ಹಳೆಯ ಚಂದಾ ಮುಂದುವರಿಯಬೇಕಾದರೆ ಗ್ರಾಹಕರು ಹೊಸ ನಂಬರನ್ನು ತಾವೇ ಹಾಕಬೇಕಾಗುತ್ತದೆ. ಆ ಒಂದು ತಿಂಗಳು ಮೌನದ ಅರ್ಥ ಬದಲಾಗುತ್ತದೆ, ಸುಮ್ಮನಿದ್ದರೆ ಚಂದಾ ನಿಲ್ಲುತ್ತದೆ. ಸೇವೆ ನಿಜಕ್ಕೂ ಬೇಕಾದವರು ನಂಬರು ಹಾಕಿಯೇ ಹಾಕುತ್ತಾರೆ. ದಾಖಲೆಗಳು ತೋರಿಸಿದ್ದು ಬೇರೆ: ಅದೇ ತಿಂಗಳು ಚಂದಾ ಬಿಡುವವರ ಪ್ರಮಾಣ ಜೋರಾಗಿ ಏರುತ್ತದೆ. ಎಲ್ಲರೂ ಪ್ರತಿಸಲ ಯೋಚಿಸಿ ನವೀಕರಿಸುವ ಸ್ಥಿತಿಗೆ ಹೋಲಿಸಿದರೆ, ಗ್ರಾಹಕರ ಗಮನ ತಪ್ಪುವುದರಿಂದಲೇ ಕಂಪನಿಗಳ ಆದಾಯ ಸೇವೆಯಿಂದ ಸೇವೆಗೆ ಶೇ 14ರಿಂದ ಶೇ 200ಕ್ಕೂ ಮೇಲೆ ಹೆಚ್ಚುತ್ತದೆ ಎಂದು ಅವರು ಲೆಕ್ಕ ಹಾಕಿದರು. ಕೆಲವು ಸೇವೆಗಳಿಗೆ ಬರುವ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು, ಮನಸ್ಸಿಲ್ಲದೆ ಉಳಿದವರದು ಎಂದಾಯಿತು. ಗಮನವಿಟ್ಟು ನೋಡಿಕೊಳ್ಳುವುದು ಗ್ರಾಹಕರದೇ ಹೊಣೆ ಎಂಬ ಮಾತಿಗೆ ಇಲ್ಲಿ ಉತ್ತರವಿದೆ. ಒಬ್ಬಿಬ್ಬರ ಅಜಾಗರೂಕತೆ ಅವರವರ ಹೊಣೆ ನಿಜ. ಸಾವಿರಾರು ಜನರ ಅಜಾಗರೂಕತೆಯನ್ನು ಮೊದಲೇ ಎಣಿಸಿ ಅದರ ಮೇಲೆ ಆದಾಯ ಕಟ್ಟಿಕೊಂಡವರು ಆ ಹೊಣೆಯನ್ನು ಗ್ರಾಹಕರ ತಲೆಗೇ ಕಟ್ಟಲಾಗದು.

ಇನ್ನು ನಮ್ಮ ದೇಶದ ಸಂಗತಿ. ಒಂದು ರೂಪಾಯಿಗೋ ಎರಡು ರೂಪಾಯಿಗೋ ವಾರದ ಟ್ರಯಲ್ ಎಂದು ಆ್ಯಪ್‌ಗಳು ಕರೆಯುತ್ತವೆ. ಯುಪಿಐ ಪಿನ್ ಒತ್ತಿದವರು ಒಂದು ರೂಪಾಯಿ ಕೊಟ್ಟೆವೆಂದು ತಿಳಿದಿರುತ್ತಾರೆ. ಅವರು ನಿಜವಾಗಿ ಸಹಿ ಹಾಕಿದ್ದು ತಿಂಗಳು ತಿಂಗಳೂ ಹಣ ಎಳೆದುಕೊಳ್ಳುವ ಆಟೋಪೇ ಮ್ಯಾಂಡೇಟ್‌ಗೆ, ಅದರಲ್ಲಿ ನಮೂದಾಗುವ ಗರಿಷ್ಠ ಮೊತ್ತ ಟ್ರಯಲ್‌ನ ಒಂದು ರೂಪಾಯಿಗಿಂತ ನೂರಾರು ಪಟ್ಟು ದೊಡ್ಡದಿರಬಹುದು. ಮೊಬೈಲ್ ನಂಬಿದ ಹಿರಿಯರು, ಮಕ್ಕಳ ಪಾಠಕ್ಕೆಂದು ಆ್ಯಪ್ ಹಾಕಿಕೊಂಡ ತಂದೆತಾಯಿ, ಇಂಗ್ಲಿಷ್ ಓದಿ ಅರ್ಥಮಾಡಿಕೊಳ್ಳಲು ತಡವರಿಸುವವರು ಈ ಬಲೆಗೆ ಸುಲಭವಾಗಿ ಬೀಳುತ್ತಾರೆ. ಇದಕ್ಕೆ ನಿಯಮವಿಲ್ಲವೆಂದಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಡಾರ್ಕ್ ಪ್ಯಾಟರ್ನ್ ತಡೆಯುವ ಮಾರ್ಗಸೂಚಿಯನ್ನು ಅಧಿಸೂಚಿಸಿತು. ಗ್ರಾಹಕರನ್ನು ವಂಚಿಸುವ ಹದಿಮೂರು ವಿನ್ಯಾಸಗಳನ್ನು ಅದು ಹೆಸರಿಸುತ್ತದೆ, ಚಂದಾ ಬಲೆ ಅವುಗಳಲ್ಲೊಂದು. ಕ್ಯಾನ್ಸಲ್ ಮಾಡುವ ಆಯ್ಕೆಯನ್ನು ಬಚ್ಚಿಡುವುದು, ಅದನ್ನು ಉದ್ದ ಮತ್ತು ಗೊಂದಲದ ಕೆಲಸವಾಗಿಸುವುದು ಮಾತ್ರವಲ್ಲ, ಉಚಿತ ಚಂದಾ ಪಡೆಯಲು ಪಾವತಿಯ ವಿವರವನ್ನೋ ಆಟೋ ಡೆಬಿಟ್ ಅನುಮತಿಯನ್ನೋ ಕೊಡಲೇಬೇಕೆನ್ನುವುದೂ ಬಲೆಯೇ ಎಂದು ಸ್ಪಷ್ಟವಾಗಿ ಬರೆದಿದೆ. ಬರವಣಿಗೆಯ ಮಟ್ಟಿಗೆ ಇದು ಜಗತ್ತಿನ ಯಾವ ದೇಶದ ನಿಯಮಕ್ಕೂ ಕಡಿಮೆಯಿಲ್ಲದ ಪಠ್ಯ. ಉಚಿತದ ಬದಲು ಒಂದು ರೂಪಾಯಿ ಎಂದು ಬೆಲೆ ಹಚ್ಚಿದರೆ ಈ ವಾಕ್ಯದಿಂದ ನುಣುಚಿಕೊಳ್ಳಬಹುದೆಂಬ ಲೆಕ್ಕ ಆ ಟ್ರಯಲ್‌ಗಳ ಹಿಂದೆ ಇದೆಯೆಂದೇ ನನ್ನ ಅನುಮಾನ.

ಪಠ್ಯ ಚೆನ್ನಾಗಿದ್ದೂ ಕೆಲಸ ಆಗದಿರುವುದಕ್ಕೆ ಕಾರಣ ಅದರ ಜಾರಿಯ ಬಗೆಯಲ್ಲಿದೆ. ಜಾಹೀರಾತು ಗುಣಮಟ್ಟ ಮಂಡಳಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 53 ಪ್ರಮುಖ ಆ್ಯಪ್‌ಗಳ ಪೈಕಿ 52ರಲ್ಲಿ ಒಂದಲ್ಲ ಒಂದು ಡಾರ್ಕ್ ಪ್ಯಾಟರ್ನ್ ಸಿಕ್ಕಿತ್ತು. ಮಾರ್ಗಸೂಚಿ ಬಂದ ಮೇಲಿನ ಮಾತು ಇದು. ಧಾರವಾಡದ ಸಂಸದರೂ ಆದ ಗ್ರಾಹಕ ವ್ಯವಹಾರಗಳ ಸಚಿವ ಪ್ರಲ್ಹಾದ ಜೋಶಿಯವರು 2025ರ ಮೇ ತಿಂಗಳಲ್ಲಿ, ಕ್ಯಾಬ್ ಬರುವ ಮೊದಲೇ ಟಿಪ್ಸ್ ಕೇಳುವ ಆ್ಯಪ್‌ಗಳನ್ನು ಬಹಿರಂಗವಾಗಿ ಖಂಡಿಸಿದರು, ಪ್ರಾಧಿಕಾರದಿಂದ ನೋಟಿಸೂ ಹೋಯಿತು. ಆ ಉಪದ್ರವ ಬೆಂಗಳೂರಿನವರಿಗೆ ಚೆನ್ನಾಗಿ ಗೊತ್ತು. ಮುಂದಿನ ತಿಂಗಳು ಪ್ರಾಧಿಕಾರ ಎಲ್ಲ ಇ-ಕಾಮರ್ಸ್ ವೇದಿಕೆಗಳಿಗೂ ಮೂರು ತಿಂಗಳೊಳಗೆ ಸ್ವಯಂ ತಪಾಸಣೆ ಮಾಡಿಕೊಳ್ಳಲು ಸೂಚಿಸಿತು. ವರ್ಷದ ಕೊನೆಯ ಹೊತ್ತಿಗೆ 26 ವೇದಿಕೆಗಳು ತಮ್ಮಲ್ಲಿ ಇಂಥ ವಿನ್ಯಾಸಗಳಿಲ್ಲವೆಂದು ಘೋಷಣೆ ಕೊಟ್ಟವು. ತಪಾಸಣೆಗೆ ಒಳಗಾಗಬೇಕಾದವರೇ ತಪಾಸಣೆ ಮಾಡಿ ಫಲಿತಾಂಶವನ್ನೂ ತಾವೇ ಪ್ರಕಟಿಸುವ ಈ ಏರ್ಪಾಡನ್ನು ನಾನು ಜಾರಿ ಎಂದು ಕರೆಯಲಾರೆ. ಮಾರ್ಗಸೂಚಿ ಪರದೆಯ ಮೇಲೆ ಏನು ಕಾಣಬೇಕು, ಏನು ಕಾಣಬಾರದು ಎಂದು ಹೇಳುತ್ತದೆ. ಆ ಪರದೆ ಪೂರ್ತಿಯಾಗಿ ಕಂಪನಿಯ ಕೈಯಲ್ಲಿದೆ, ದಿನಕ್ಕೊಮ್ಮೆ ಬದಲಾಗಬಹುದು, ಒಬ್ಬರಿಗೆ ಒಂದು ಬಗೆ, ಇನ್ನೊಬ್ಬರಿಗೆ ಇನ್ನೊಂದು ಬಗೆ ಕಾಣಬಹುದು. ಪ್ರತಿಯೊಂದನ್ನೂ ಬೆನ್ನಟ್ಟುವಷ್ಟು ಜನಬಲ ಯಾವ ಇಲಾಖೆಗೂ ಇರುವುದಿಲ್ಲ.

ಇದಕ್ಕಿಂತ ಹೆಚ್ಚು ಫಲ ಕೊಟ್ಟದ್ದು, ಡಾರ್ಕ್ ಪ್ಯಾಟರ್ನ್ ಎಂಬ ಮಾತನ್ನೇ ಎತ್ತದ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ. 2019ರ ಆಗಸ್ಟ್‌ನ ಸುತ್ತೋಲೆಯಿಂದ ಶುರುವಾಗಿ 2021ರ ಅಕ್ಟೋಬರ್ 1ರಿಂದ ಬಿಗಿಯಾಗಿ ಜಾರಿಗೆ ಬಂದ ಈ ನಿಯಮದ ಪ್ರಕಾರ, ಕಾರ್ಡಿನಿಂದ ಹಣ ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ಯಾರಿಗೆ, ಎಷ್ಟು, ಯಾವಾಗ, ಯಾಕೆ ಹೋಗುತ್ತಿದೆ ಎಂದು ಬ್ಯಾಂಕ್ ತಿಳಿಸಬೇಕು. ಆ ಕಂತನ್ನು ಮಾತ್ರ ತಡೆಯುವುದಕ್ಕೂ ಇಡೀ ಮ್ಯಾಂಡೇಟನ್ನು ರದ್ದುಮಾಡುವುದಕ್ಕೂ ಅವಕಾಶವಿರಬೇಕು. ಓಟಿಪಿ ಇಲ್ಲದೆ ತಾನಾಗಿ ಹೋಗಬಹುದಾದ ಮೊತ್ತಕ್ಕೆ ಮಿತಿಯಿದೆ; 5,000 ರೂಪಾಯಿ ಇದ್ದದ್ದು 2022ರ ಜೂನ್‌ನಲ್ಲಿ 15,000ಕ್ಕೆ ಏರಿತು. ಈ ನಿಯಮದ ಬಲ ಇರುವುದು ಅದು ಆರಿಸಿಕೊಂಡ ಜಾಗದಲ್ಲಿ. ಬಿಡುವ ಬಾಗಿಲನ್ನು ಅದು ಸೇವೆ ಮಾರುವವರ ಪರದೆಯಿಂದ ತೆಗೆದು, ಗ್ರಾಹಕರು ಉಳಿದರೂ ಹೋದರೂ ಅಷ್ಟಾಗಿ ಲಾಭನಷ್ಟವಿಲ್ಲದ ಬ್ಯಾಂಕಿನ ಕಡೆ ಇಟ್ಟಿತು. ಕಂಪನಿ ತನ್ನ ಕ್ಯಾನ್ಸಲ್ ಬಟನನ್ನು ಎಷ್ಟೇ ಆಳದಲ್ಲಿ ಹೂತಿಟ್ಟರೂ ಹಣದ ನಲ್ಲಿಯನ್ನು ಬೇರೆ ಕಡೆಯಿಂದ ನಿಲ್ಲಿಸಬಹುದು. ಕೊರತೆಗಳೂ ಇವೆ. ಮ್ಯಾಂಡೇಟ್ ರದ್ದಾದರೆ ಹಣ ನಿಲ್ಲುತ್ತದೆಯೇ ಹೊರತು ಕಂಪನಿಯ ಜೊತೆಗಿನ ಕರಾರು ತಾನಾಗಿ ಮುಗಿಯುವುದಿಲ್ಲ. ಯುಪಿಐ ಆ್ಯಪ್‌ಗಳಲ್ಲಿ ಮ್ಯಾಂಡೇಟ್‌ಗಳ ಪಟ್ಟಿ ಎಲ್ಲಿದೆಯೆಂದು ಹುಡುಕುವುದೇ ಹಲವರಿಗೆ ಸಾಹಸ.

ಈ ನಿಯಮಕ್ಕೆ ಬಂದ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 2021ರ ಅಕ್ಟೋಬರ್‌ನಲ್ಲಿ ಎಷ್ಟೋ ಪಾವತಿಗಳು ಮುರಿದುಬಿದ್ದವು. ವಿದೇಶಿ ಸೇವೆಗಳಿಗಂತೂ ತೊಂದರೆ ಬಹುಕಾಲ ಮುಂದುವರಿಯಿತು. ಆ್ಯಪಲ್ 2022ರಲ್ಲಿ ತನ್ನ ಆ್ಯಪ್ ಸ್ಟೋರ್‌ಗೆ ಭಾರತದ ಕಾರ್ಡ್‌ಗಳನ್ನು ಸ್ವೀಕರಿಸುವುದನ್ನೇ ನಿಲ್ಲಿಸಿತು. ಓದುಗರ ತಿಂಗಳ ಬೆಂಬಲದಿಂದ ನಡೆಯುವ ಸುದ್ದಿತಾಣಗಳು, ದೇಣಿಗೆ ನಂಬಿದ ಸಂಸ್ಥೆಗಳು ಪೆಟ್ಟು ತಿಂದವು. ಇವರಾರೂ ಬಲೆ ಹೆಣೆದವರಲ್ಲ. ಈ ನಷ್ಟ ನಿಜವಾದದ್ದು, ಬ್ಯಾಂಕುಗಳು ಸಿದ್ಧವಾಗುವ ಮೊದಲೇ ಗಡುವು ಬಂದದ್ದರಿಂದ ಅದು ದೊಡ್ಡದಾಯಿತು. ಆದರೆ ಪಾವತಿ ಸರಿಯಾಗಿ ನಡೆಯುವ ಏರ್ಪಾಡಾದ ಮೇಲೂ ಉಳಿದ ನಷ್ಟವನ್ನು ಬೇರೆಯಾಗಿ ನೋಡಬೇಕು. ನಾಳೆ ನಿಮ್ಮ ಹಣ ಹೋಗಲಿದೆ ಎಂಬ ಒಂದು ಎಸ್‌ಎಂಎಸ್‌ಗೆ ಕಳಚಿಬೀಳುವ ಗ್ರಾಹಕರು ಮನಸಾರೆ ಉಳಿದವರಾಗಿರಲಿಲ್ಲ. ಇನ್ನು, ಬಿಡಲು ಬಂದವರಿಗೆ ರಿಯಾಯಿತಿ ತೋರಿಸುವುದು ಅವರಿಗೇ ಒಳ್ಳೆಯದಲ್ಲವೇ ಎಂಬ ವಾದವೂ ಉಂಟು. ತೋರಿಸಲಿ. ಕ್ಯಾನ್ಸಲ್ ಆಗಿದೆ ಎಂದು ಮೊದಲು ತಿಳಿಸಿ ಆಮೇಲೆ ಅರ್ಧ ಬೆಲೆಗೆ ಮರಳಿ ಕರೆದರೆ ಯಾರಿಗೂ ಬೇಸರವಿಲ್ಲ. ಮೂರು ರಿಯಾಯಿತಿಗಳನ್ನು ಬೇಡವೆಂದ ಮೇಲಷ್ಟೇ ಕ್ಯಾನ್ಸಲ್ ಬಟನ್ ಕಾಣುವಂತೆ ಮಾಡುವುದು ಕೊಡುಗೆಯಲ್ಲ, ಅಡ್ಡಗಟ್ಟುವಿಕೆ.

ಜರ್ಮನಿ 2022ರ ಜುಲೈ 1ರಿಂದ ಇನ್ನೊಂದು ದಾರಿ ಹಿಡಿದಿದೆ. ಜಾಲತಾಣದಲ್ಲಿ ಚಂದಾ ಮಾಡಿಸುವವರು ಅಲ್ಲೇ ಎದ್ದು ಕಾಣುವ ರದ್ದತಿ ಬಟನ್ ಇಡಲೇಬೇಕು. ಇಡದಿದ್ದರೆ ಗ್ರಾಹಕರು ಯಾವಾಗ ಬೇಕಾದರೂ ಮುಂಗಡ ನೋಟಿಸ್ ಇಲ್ಲದೆ ಕರಾರು ಮುರಿಯಬಹುದು. ಬಟನ್ ಬಚ್ಚಿಟ್ಟರೆ ನಷ್ಟ ಕಂಪನಿಗೇ ಎಂಬ ಈ ಏರ್ಪಾಡು ನನಗೆ ಮೆಚ್ಚುಗೆಯಾಗುತ್ತದೆ, ಯಾಕೆಂದರೆ ಅಲ್ಲಿ ಇಲಾಖೆ ಬೆನ್ನಟ್ಟುವುದನ್ನು ಗ್ರಾಹಕರು ಕಾಯಬೇಕಿಲ್ಲ. ಅಮೆರಿಕದಲ್ಲಿ ಇಂಥದ್ದೇ ಉದ್ದೇಶದ ನಿಯಮವನ್ನು ಟ್ರೇಡ್ ಕಮಿಷನ್ 2024ರ ಅಕ್ಟೋಬರ್‌ನಲ್ಲಿ ರೂಪಿಸಿತಾದರೂ, ಪ್ರಕ್ರಿಯೆಯ ಲೋಪದ ಕಾರಣಕ್ಕೆ 2025ರ ಜುಲೈನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಮಾಡಿತು. ನಮ್ಮಲ್ಲಿ ಬೇಕಾದ ತತ್ವ ಸಂಸತ್ತು ಒಪ್ಪಿದ ಕಾಯ್ದೆಯೊಂದರಲ್ಲೇ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 6ನೇ ಕಲಮಿನ ಪ್ರಕಾರ, ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂತೆಗೆದುಕೊಳ್ಳುವುದೂ ಹೆಚ್ಚುಕಡಿಮೆ ಅಷ್ಟೇ ಸುಲಭವಾಗಿರಬೇಕು. ಒಪ್ಪಿಗೆ ಕೇಳುವ ಬರಹವನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಿ ಓದುವ ಆಯ್ಕೆ ಕೊಡಬೇಕೆಂದೂ ಅದೇ ಕಲಮು ಹೇಳುತ್ತದೆ. ಹೆಸರು, ಫೋನ್ ನಂಬರುಗಳಿಗೆ ಸಿಕ್ಕ ಈ ರಕ್ಷಣೆ ತಿಂಗಳು ತಿಂಗಳೂ ಹೋಗುವ ಹಣಕ್ಕೆ ಸಿಗದಿರಲು ಕಾರಣ ಕಾಣದು. ಗ್ರಾಹಕ ಸಂರಕ್ಷಣಾ ಕಾಯ್ದೆಯೊಳಕ್ಕೆ ಇದೇ ಸಮಾನತೆಯನ್ನು ತಂದು, ಪಾಲಿಸದ ಕಂಪನಿ ಕೊನೆಯ ಬಳಕೆಯ ನಂತರ ಪಡೆದ ಕಂತುಗಳನ್ನು ಹಿಂದಿರುಗಿಸಬೇಕೆಂದು ಬರೆದರೆ ಸ್ವಯಂ ಘೋಷಣೆಗಳ ಅಗತ್ಯವೇ ಬೀಳುವುದಿಲ್ಲ.

ಅದಕ್ಕೆ ಸಮಯ ಹಿಡಿಯುತ್ತದೆ. ಈಗಿರುವ ನಿಯಮದಲ್ಲೇ ನಾಳೆಯಿಂದ ಮಾಡಬಹುದಾದ ಕೆಲಸವೊಂದಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಕನ್ನಡದಲ್ಲಿ ದೂರು ಹೇಳಬಹುದು, ಅಂದರೆ ಹಣ ಹೋದ ಮೇಲೆ ನಮ್ಮ ಭಾಷೆಗೆ ಜಾಗವಿದೆ. ಹಣ ಹೋಗುವ ಮುನ್ನಾದಿನದ ಎಸ್‌ಎಂಎಸ್ ಮಾತ್ರ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ಸಂಕ್ಷೇಪಾಕ್ಷರಗಳಲ್ಲಿ, ಮ್ಯಾಂಡೇಟ್ ನಂಬರಿನ ಉದ್ದನೆಯ ಅಂಕಿಗಳ ನಡುವೆ ಬರುತ್ತದೆ. ಜಾಹೀರಾತು ಎಸ್‌ಎಂಎಸ್‌ಗಳ ಜೊತೆ ಅದೂ ಓದದೆ ಉಳಿಯುತ್ತದೆ. ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆ ಈ ಸೂಚನೆ ಸ್ಪಷ್ಟವಾಗಿ, ಅರ್ಥವಾಗುವ ಭಾಷೆಯಲ್ಲಿ ಇರಬೇಕೆಂದು ಹೇಳಿಯೇ ಇದೆ. ಖಾತೆ ತೆರೆಯುವ ಅರ್ಜಿಯನ್ನು, ಎಟಿಎಂ ಪರದೆಯನ್ನು ಕನ್ನಡದಲ್ಲಿ ಕೊಡಬಲ್ಲ ಬ್ಯಾಂಕುಗಳು, ‘ನಾಳೆ ಇಂಥ ಆ್ಯಪ್‌ಗೆ 499 ರೂಪಾಯಿ ಹೋಗುತ್ತದೆ, ಬೇಡವಾದರೆ ಇಲ್ಲಿ ಒತ್ತಿ’ ಎಂಬ ಒಂದು ಸಾಲನ್ನು ಗ್ರಾಹಕರು ಆರಿಸಿಕೊಂಡ ಭಾಷೆಯಲ್ಲಿ ಕಳಿಸಲು ಹೊಸ ಕಾನೂನನ್ನು ಕಾಯಬೇಕಿಲ್ಲ.