ಶಿರಸಿಯೂ ಸಮುದ್ರವೂ ಒಂದೇ ಚೌಕದಲ್ಲಿ

ನಮ್ಮನೆಯಲ್ಲಿ ಮೀನು ತಿನ್ನೋರು ಯಾರೂ ಇಲ್ಲ. ಆದ್ರೂ ಸಿದ್ದಾಪುರ ತಾಲೂಕಿನ ನಮ್ಮೂರಲ್ಲಿ ಬೆಳಿಗ್ಗೆ ಗಂಟೆ ಒಂಬತ್ತಾಯ್ತು ಅಂತ ಗೊತ್ತಾಗ್ತಿದ್ದದ್ದು ಮೀನಿನ ಎಂ80 ಗಾಡಿಯ ಹಾರ್ನಿನಿಂದ. ಘಟ್ಟ ಹತ್ತಿ ಬಂದ ಗಾಡಿ ತೋಟದ ಕೆಲಸದವರ ಮನೆ ಹತ್ರ ನಿಲ್ತಿತ್ತು. ಬಂಗಡೆ ಬಂತೋ ತಾರ್ಲೆ ಬಂತೋ ಅನ್ನೋದು ತಿನ್ನದ ನಮಗೂ ಗೊತ್ತಿರ್ತಿತ್ತು, ಗಾಳಿ ಹೇಳ್ತಿತ್ತು.

ಒಂದು ಸಲ ರಜೆಗೆ ಹೋದಾಗ ಆ ಗಾಡಿಯವರು ಸಿಕ್ಕಿದ್ರು. "ಈ ಸಲ ತಾರ್ಲೆ ಇಲ್ಲ ಹೆಗಡೇರೆ, ಬರೀ ಐಸಿನ ಮೀನು" ಅಂದ್ರು. ನನಗೋ ಆಗಷ್ಟೇ ಬೆಂಗಳೂರಿನ ಬಸ್ಸಿನಲ್ಲಿ ಕೂತು ಓದಿದ ಒಂದು ಸುದ್ದಿ ತಲೆಯಲ್ಲಿ ಬಿಸಿಬಿಸಿಯಾಗಿತ್ತು. "ಹೌದು, ಭೂಮಿ ಬಿಸಿಯಾಗ್ತಾ ಇದೆ. ಈ ಶತಮಾನದ ಕೊನೆಗೆ ಸಮುದ್ರದ ಜೀವಿಗಳಲ್ಲಿ ನೂರಕ್ಕೆ 17ರಷ್ಟು ಕಮ್ಮಿ ಆಗ್ತದಂತೆ" ಅಂದೆ. ಅವರು ನಕ್ಕುಬಿಟ್ರು. "ನೂರಕ್ಕೆ ಹದಿನೇಳಾ? ಅಷ್ಟೇ ಆದ್ರೆ ಪುಣ್ಯ. ನಂಗೆ ಈ ವರ್ಷವೇ ಅರ್ಧಕ್ಕರ್ಧ ಹೋಗಿದೆ."

ಈ ನಗು ನನ್ನನ್ನು ಬಹಳ ದಿನ ಕಾಡಿತು. ಕೊನೆಗೆ ಸುದ್ದಿ ಬಿಟ್ಟು ಮೂಲ ಲೇಖನವನ್ನೇ ಹಿಡಿದು ಕೂತೆ. ಸಾಫ್ಟ್‌ವೇರಿನವನಿಗೆ ಮಾಡೆಲ್ ಅಂದ್ರೆ ಹೊಟ್ಟೆಪಾಡು. ಮೀನಿನ ರುಚಿ ಗೊತ್ತಿಲ್ಲದಿದ್ರೂ ಲೆಕ್ಕದ ರುಚಿ ನೋಡಬಹುದು ಅಂದ್ಕೊಂಡೆ.

ಆ ಲೇಖನ 2019ರ ಜೂನ್‌ನಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬಂದದ್ದು. ಫಿಶ್-ಮಿಪ್ ಎಂಬ ಅಂತಾರಾಷ್ಟ್ರೀಯ ಕೂಟದ ಕೆಲಸ. ಎರಡು ಹವಾಮಾನ ಮಾದರಿಗಳಿಂದ ನೀರಿನ ಬಿಸಿ, ಪ್ಲವಕಗಳ ಪ್ರಮಾಣ ಇತ್ಯಾದಿ ತಗೊಂಡು, ಅದನ್ನು ಆರು ಬೇರೆ ಬೇರೆ ಸಮುದ್ರ-ಜೀವಿ ಮಾದರಿಗಳಿಗೆ ಉಣಿಸಿ, ಬಂದ ಉತ್ತರಗಳ ಸರಾಸರಿ ತೆಗೆದಿದ್ದಾರೆ. ಹೊಗೆ ಈಗಿನಂತೆಯೇ ಏರುತ್ತಾ ಹೋದರೆ 2100ರ ಹೊತ್ತಿಗೆ ಸಮುದ್ರದ ಪ್ರಾಣಿಗಳ ಒಟ್ಟು ತೂಕದಲ್ಲಿ ಶೇಕಡಾ 17 ಇಳಿಕೆ. ಬಿಗಿಯಾಗಿ ಕಡಿವಾಣ ಹಾಕಿದರೆ ಶೇಕಡಾ 5. ಒಂದು ಡಿಗ್ರಿ ಬಿಸಿಗೆ ಸುಮಾರು ಶೇಕಡಾ 5ರ ಲೆಕ್ಕ. 2021ರಲ್ಲಿ ಹೊಸ ಹವಾಮಾನ ಮಾದರಿಗಳನ್ನಿಟ್ಟು ಮತ್ತೆ ಓಡಿಸಿದಾಗ ಇಳಿಕೆ ಇನ್ನೂ ಹೆಚ್ಚೇ ಬಂತು.

ಮೊದಲು ಮೆಚ್ಚುವುದನ್ನು ಮೆಚ್ಚಿಬಿಡೋಣ. ಸಮುದ್ರದಲ್ಲಿ ನೂರು ಕೆಜಿ ಸಸ್ಯ ಪ್ಲವಕ ಇದ್ರೆ ಅದನ್ನು ತಿಂದು ಬೆಳೆಯುವ ಜೀವಿ ಸುಮಾರು ಹತ್ತು ಕೆಜಿ, ಅದನ್ನು ತಿನ್ನುವ ಮೀನು ಒಂದು ಕೆಜಿ. ಉಳಿದದ್ದೆಲ್ಲ ಉಸಿರಾಟಕ್ಕೆ, ಓಡಾಟಕ್ಕೆ ಖರ್ಚು. ಈಗ ಮೇಲಿನ ನೀರು ಬಿಸಿಯಾದ್ರೆ ಅದು ಹಗುರಾಗಿ ಮೇಲೇ ಕೂರ್ತದೆ, ಕೆಳಗಿನ ತಣ್ಣನೆ ನೀರಿನ ಪೋಷಕಾಂಶ ಮೇಲೆ ಬರೋದು ಕಷ್ಟ, ಪ್ಲವಕ ಕಡಿಮೆ. ಜೊತೆಗೆ ಮೀನು ತಣ್ಣೆತ್ತರಿನ ಪ್ರಾಣಿ. ನೀರು ಬಿಸಿಯಾದಷ್ಟೂ ಅದರ ಮೈಯೊಳಗಿನ ಖರ್ಚು ಜಾಸ್ತಿ. ಆದಾಯ ಕಮ್ಮಿ, ಖರ್ಚು ಜಾಸ್ತಿ. ಈ ನಷ್ಟ ಮೆಟ್ಟಿಲು ಮೆಟ್ಟಿಲಿಗೆ ಸೇರುತ್ತಾ ಹೋಗಿ, ಕೆಳಗೆ ಪ್ಲವಕದಲ್ಲಿ ಸಣ್ಣದಾಗಿ ಕಂಡ ಇಳಿಕೆ ಮೇಲೆ ದೊಡ್ಡ ಮೀನಿನ ಹೊತ್ತಿಗೆ ದುಪ್ಪಟ್ಟಾಗಬಹುದು. ಆರು ಮಾದರಿಗಳ ಒಳಗಿನ ಕಟ್ಟಡ ಬೇರೆ ಬೇರೆ ಇದ್ದೂ ಈ ಒಂದು ವಿಷಯಕ್ಕೆ ಒಪ್ಪಿವೆ ಅನ್ನೋದು ಲೇಖನದ ನಿಜವಾದ ಗಳಿಕೆ. 17 ಅಲ್ಲ.

ಆದ್ರೆ ನಾವು ಓದಿದ್ದು, ಫಾರ್ವರ್ಡ್ ಮಾಡಿದ್ದು 17ನ್ನೇ. ಮೂಲದಲ್ಲಿ ಅದರ ಪಕ್ಕದಲ್ಲೇ ಇನ್ನೊಂದು ಅಂಕಿ ಇದೆ: ಹೆಚ್ಚು-ಕಮ್ಮಿ 11. ಅಂದ್ರೆ ಮಾದರಿಗಳ ನಡುವಿನ ಹರವು 6ರಿಂದ 28ರವರೆಗೆ ಹೋಗ್ತದೆ. ನನ್ನ ಮ್ಯಾನೇಜರ್ "ಕೆಲಸ ಯಾವಾಗ ಮುಗಿಯುತ್ತೆ?" ಅಂದಾಗ ನಾನು "17 ದಿನ, 11 ಆಚೀಚೆ" ಅಂದ್ರೆ ಏನಾಗಬಹುದು ಅಂತ ಊಹಿಸಿ. ವಿಜ್ಞಾನಿಗಳು ಪ್ರಾಮಾಣಿಕವಾಗಿ ಬರೆದ ಈ 11 ಸುದ್ದಿಯ ತಲೆಬರಹಕ್ಕೆ ಬರುವಾಗ ಉದುರಿಹೋಗ್ತದೆ. ಇದು ಅವರ ತಪ್ಪಲ್ಲ.

ಅವರನ್ನು ಕೇಳಬೇಕಾದ್ದು ಬೇರೆ ಇದೆ. ಫಲಿತಾಂಶವನ್ನು ಅವರು ಒಂದು ಡಿಗ್ರಿ ಉದ್ದ, ಒಂದು ಡಿಗ್ರಿ ಅಗಲದ ಚೌಕಗಳಲ್ಲಿ ಕೊಡ್ತಾರೆ. ಒಂದು ಬದಿ ಸುಮಾರು 110 ಕಿಲೋಮೀಟರ್. ನಾನು ನಕ್ಷೆ ತೆಗೆದು ನಮ್ಮ ಚೌಕ ಹುಡುಕಿದೆ: ಅಕ್ಷಾಂಶ 14ರಿಂದ 15, ರೇಖಾಂಶ 74ರಿಂದ 75. ಅದರೊಳಗೆ ಕಾರವಾರ ಇದೆ, ಅಂಕೋಲಾ, ಕುಮಟಾ, ಹೊನ್ನಾವರ, ಮುರ್ಡೇಶ್ವರ ಇವೆ. ಭಟ್ಕಳ ಕೂದಲೆಳೆಯಲ್ಲಿ ತಪ್ಪಿಸಿಕೊಂಡಿದೆ. ತಮಾಷೆ ಅಂದ್ರೆ ಅದೇ ಚೌಕದಲ್ಲಿ ಶಿರಸಿ ಇದೆ, ಸಿದ್ದಾಪುರ ಇದೆ, ಯಲ್ಲಾಪುರ ಪೇಟೆಯೂ ಇದೆ! ಚೌಕದ ಅರ್ಧಕ್ಕಿಂತ ಹೆಚ್ಚು ಭಾಗ ನೆಲ. ಇಂಥ ಚೌಕವನ್ನು ಕಂಪ್ಯೂಟರಿಗೆ ಒಂದೋ ಸಮುದ್ರ ಅನ್ನಬೇಕು, ಇಲ್ಲಾ ನೆಲ ಅನ್ನಬೇಕು. ಸಮುದ್ರ ಅಂದ್ರೆ ನಮ್ಮ ಅಡಿಕೆ ತೋಟದಲ್ಲಿ ಬಂಗಡೆ ಈಜ್ತದೆ. ನೆಲ ಅಂದ್ರೆ ತದಡಿ ಬಂದರು ಮಾಯ. ಇದರ ಹಿಂದಿರುವ ಹವಾಮಾನ ಮಾದರಿಗಳಲ್ಲಿ ಒಂದರದ್ದಂತೂ ಸಮುದ್ರದ ಚೌಕ ಇನ್ನೂ ದೊಡ್ಡದು, ಸುಮಾರು ಎರಡು ಡಿಗ್ರಿ.

ದೊಡ್ಡ ಚೌಕ ಅಂತ ಬೈಯೋದು ಸುಲಭ, ಇಡೀ ಜಗತ್ತನ್ನು ನೋಡಲು ಹೊರಟವರಿಗೆ ಅದು ಅನಿವಾರ್ಯ. ಆದ್ರೆ ನಮ್ಮ ಮೀನಿನ ಕತೆ ನಡೆಯೋದೇ ಆ ಚೌಕದೊಳಗೆ ಕಾಣದ ಪಟ್ಟಿಯಲ್ಲಿ. ಮಳೆಗಾಲದ ಗಾಳಿಗೆ ಪಶ್ಚಿಮ ಕರಾವಳಿಯ ದಂಡೆಗುಂಟ ಆಳದ ತಣ್ಣನೆ ನೀರು ಮೇಲೆದ್ದು ಬರ್ತದೆ. ಅದರ ಜೊತೆ ಪೋಷಕಾಂಶ, ಅದನ್ನು ತಿಂದು ಡಯಾಟಮ್, ಡಯಾಟಮ್ ತಿನ್ನಲು ತಾರ್ಲೆ. ದಕ್ಷಿಣ ಕನ್ನಡದವರು ಬೂತಾಯಿ ಅನ್ನೋದು, ಮಲಯಾಳಿಗಳು ಮತ್ತಿ ಅನ್ನೋದು ಇದನ್ನೇ. ಆ ನೀರಿನಲ್ಲೇ ಆಮ್ಲಜನಕವೂ ಕಮ್ಮಿ; ಹಾಗಾಗಿ ವರವೂ ಅದೇ, ಶಾಪವೂ ಅದೇ. ದಂಡೆಯಿಂದ ಕೆಲವೇ ಹತ್ತು ಕಿಲೋಮೀಟರಿನ ಈ ನಾಟಕ 110 ಕಿಲೋಮೀಟರಿನ ಚೌಕದ ಸರಾಸರಿಯಲ್ಲಿ ಕರಗಿಹೋಗ್ತದೆ.

ಗಾಡಿಯವರ ನಗುವಿಗೆ ಅರ್ಥ ಇಲ್ಲಿದೆ. ಪಕ್ಕದ ಕೇರಳದ ಅಂಕಿಯನ್ನೇ ನೋಡಿ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ, ಅಂದ್ರೆ ಸಿಎಂಎಫ್‌ಆರ್‌ಐ, ಲೆಕ್ಕದಂತೆ ಅಲ್ಲಿ 2012ರಲ್ಲಿ ಹಿಡಿದ ಮತ್ತಿ ಸುಮಾರು 3.9 ಲಕ್ಷ ಟನ್. 2021ರಲ್ಲಿ 3,297 ಟನ್. ಲಕ್ಷ ಅಲ್ಲ, ಬರೀ ಮೂರು ಸಾವಿರದ ಚಿಲ್ಲರೆ! ಒಂಬತ್ತು ವರ್ಷದಲ್ಲಿ ನೂರಕ್ಕೆ 99 ಮಾಯ. ಆಮೇಲೆ ಮತ್ತೆ ಬಂತು, ಲಕ್ಷ ಟನ್ ದಾಟಿತು. 2015ರ ಎಲ್ ನಿನೋ, ಅತಿಯಾಗಿ ಹಿಡಿದದ್ದು, ಮರಿಗಳನ್ನೂ ಬಿಡದೆ ಬಾಚಿದ್ದು, ಎಲ್ಲವೂ ಕಾರಣಗಳ ಪಟ್ಟಿಯಲ್ಲಿವೆ. ಬಿಸಿ ನೀರು ಬರುವ ಮೊದಲೂ ತಾರ್ಲೆ ಕೆಲ ವರ್ಷ ಉಕ್ಕಿ ಕೆಲ ವರ್ಷ ಕಾಣೆಯಾಗುತ್ತಿದ್ದದ್ದಕ್ಕೆ ಹಳೆಯ ದಾಖಲೆಗಳಿವೆ. 80 ವರ್ಷಗಳಲ್ಲಿ ಮೆಲ್ಲಗೆ ಇಳಿಯುವ 17ರ ಗೆರೆಯನ್ನು ಇಂಥ ಮೀನು ಮಾರುವವರ ಮುಂದೆ ಹಿಡಿದರೆ ನಗದೆ ಏನು ಮಾಡ್ತಾರೆ?

ಇನ್ನೊಂದು ತಕರಾರು ನನಗೆ ಇದಕ್ಕಿಂತ ದೊಡ್ಡದು. ಆ 17ರ ಲೆಕ್ಕದಲ್ಲಿ ಮೀನುಗಾರಿಕೆಯೇ ಇಲ್ಲ. ಬಲೆ ಇಲ್ಲ, ಟ್ರಾಲರ್ ಇಲ್ಲ, ಬರೀ ಹವಾಮಾನ. ಬಲೆ ಸೇರಿಸಿಯೂ ಓಡಿಸಿ ನೋಡಿದ್ದಾರೆ, ಹವಾಮಾನದ ಪರಿಣಾಮ ಅದರಿಂದ ಅಷ್ಟಾಗಿ ಬದಲಾಗಲಿಲ್ಲ ಅಂತಾನೂ ಬರೆದಿದ್ದಾರೆ. ಇಡೀ ಜಗತ್ತಿನ ಸರಾಸರಿಗೆ ಅದು ಸರಿ ಇರಬಹುದು. ಆದ್ರೆ ಕೆಲವು ಮಾದರಿಗಳಲ್ಲಿ ಮೀನಿಗೆ ಹೆಸರೇ ಇಲ್ಲ, ತೂಕ ಮಾತ್ರ. ಇಷ್ಟು ಗ್ರಾಮಿನಿಂದ ಅಷ್ಟು ಗ್ರಾಮಿನವರೆಗಿನದು ಒಂದು ಗುಂಪು. ತಾರ್ಲೆಯೂ ಅಷ್ಟೇ, ಅಷ್ಟೇ ತೂಕದ ಇನ್ನಾವುದೋ ಮೀನೂ ಅಷ್ಟೇ. ಹೆಸರಿಲ್ಲದ ಮೀನಿಗೆ ಬಲೆ ಬೀಸಿದರೆ ಏನೂ ಬದಲಾಗಲಿಲ್ಲ ಅನ್ನೋ ಉತ್ತರವನ್ನು ನಮ್ಮ ಕರಾವಳಿಗೆ ತಂದು ಹಚ್ಚೋದಕ್ಕೆ ನನಗೆ ಧೈರ್ಯ ಇಲ್ಲ. ಫಿಶ್-ಮಿಪ್‌ನವರೇ ಈಗ ಹಿಂದಿನ ದಶಕಗಳ ಮೀನುಗಾರಿಕೆಯನ್ನು ಸೇರಿಸಿ ಮಾದರಿಗಳನ್ನು ಪರೀಕ್ಷಿಸಲು ಹೊರಟಿದ್ದಾರೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ರಿಲೀಸ್ ಆದ ಮೇಲೆ ಟೆಸ್ಟಿಂಗ್.

ಇದರ ಪಕ್ಕ ಇನ್ನೊಂದು ಪುಸ್ತಕ ಇಡ್ತೇನೆ. 2008ರಲ್ಲಿ ಸಿಎಂಎಫ್‌ಆರ್‌ಐ ಹೊರತಂದ 51ನೇ ಬುಲೆಟಿನ್, ಕೆ. ಎಸ್. ಮೊಹಮ್ಮದ್, ಪಿ. ಯು. ಜಕಾರಿಯಾ ಮತ್ತು ಸಂಗಡಿಗರದ್ದು. ವಿಷಯ ಕರ್ನಾಟಕದ ಎದುರಿನ ಅರಬ್ಬೀ ಸಮುದ್ರದ ಆಹಾರ ಜಾಲ. ಇಕೋಪಾತ್ ಎಂಬ ತಂತ್ರಾಂಶ ಬಳಸಿದ್ದಾರೆ. 1984ರಲ್ಲಿ ಹವಾಯಿಯ ಒಂದು ಹವಳದ ದಂಡೆಗಾಗಿ ಪೊಲೊವಿನಾ ಎಂಬವರು ಶುರು ಮಾಡಿದ ವಿಧಾನ ಅದು. ಒಳಗಿರೋದು ಅಂಗಡಿ ಲೆಕ್ಕವೇ: ಒಂದು ಗುಂಪು ವರ್ಷಕ್ಕೆ ಎಷ್ಟು ಬೆಳೆಯಿತು, ಅದರಲ್ಲಿ ಎಷ್ಟನ್ನು ಇನ್ನೊಂದು ತಿಂದಿತು, ಎಷ್ಟು ಬಲೆಗೆ ಹೋಯ್ತು, ಎಷ್ಟು ತಾನಾಗಿ ಸತ್ತಿತು. ಜಮಾ-ಖರ್ಚು ತಾಳೆ ಆಗಬೇಕು. ತಾಳೆ ಆಗಬೇಕಾದ್ರೆ ಯಾರು ಯಾರನ್ನು ತಿಂತಾರೆ ಗೊತ್ತಿರಬೇಕು. ಅದಕ್ಕಿರುವ ದಾರಿ ಒಂದೇ, ಬಂದರಿಗೆ ಹೋಗಿ ಮೀನು ತಂದು ಹೊಟ್ಟೆ ಕೊಯ್ದು ನೋಡೋದು.

ಗ್ರಾಫುಗಳು ಒಣ ಒಣ, ಬಣ್ಣ ಇಲ್ಲ. ಯಾವ ಪತ್ರಿಕೆಯೂ ಅದಕ್ಕೆ ತಲೆಬರಹ ಕೊಟ್ಟ ಹಾಗೆ ಕಾಣೆ. ಆದ್ರೆ ಇಲ್ಲಿ ಮೀನಿಗೆ ಹೆಸರಿದೆ, ಬಲೆಗೂ ಹೆಸರಿದೆ. ಯಾವ ಬಲೆ ಕಡಿಮೆ ಮಾಡಿದರೆ ಯಾವ ಮೀನು ಹೆಚ್ಚೀತು ಅಂತ ಕೇಳಿದರೆ ಉತ್ತರ ಕೊಡುವ ಸಾಧನ ಇದು. ಕೊರತೆಯೂ ದೊಡ್ಡದೇ: ಇದರಲ್ಲಿ ಬಿಸಿಯಾಗುವ ಸಮುದ್ರ ಇಲ್ಲ. ಆಧಾರವಾಗಿರೋದು ಈ ಶತಮಾನದ ಆರಂಭದ ಮೀನುಗಳ ಹೊಟ್ಟೆ, ಈಗಿನವುಗಳದ್ದಲ್ಲ. ಒಂದರಲ್ಲಿ ಹವಾಮಾನ ಇದೆ, ಊರಿಲ್ಲ. ಇನ್ನೊಂದರಲ್ಲಿ ಊರಿದೆ, ಹವಾಮಾನ ಇಲ್ಲ. ಎರಡರಲ್ಲಿ ಒಂದನ್ನು ಆರಿಸು ಅಂದ್ರೆ ನಾನು ಬುಲೆಟಿನ್ನಿನ ಕಡೆ. ಇದ್ದ ಲೆಕ್ಕಕ್ಕೆ ಬಿಸಿಯನ್ನು ಸೇರಿಸೋದು ಸಾಧ್ಯ. ಇಲ್ಲದ ಹೊಟ್ಟೆಯ ಲೆಕ್ಕವನ್ನು ಸರಾಸರಿಯಿಂದ ಹುಟ್ಟಿಸೋಕಾಗಲ್ಲ.

ಘಟ್ಟದ ಮೇಲಿನವನಿಗೆ ಇದೆಲ್ಲ ಯಾಕೆ ಅಂತ ನಮ್ಮಪ್ಪನೂ ಕೇಳಿದ. ಅಘನಾಶಿನಿ ಶಿರಸಿಯಲ್ಲಿ ಹುಟ್ಟಿ, ಸಿದ್ದಾಪುರದ ಉಂಚಳ್ಳಿಯಲ್ಲಿ ಧುಮುಕಿ, ತದಡಿಯಲ್ಲಿ ಸಮುದ್ರ ಸೇರುವವರೆಗೂ ಆ ಒಂದೇ ಚೌಕದಲ್ಲಿದೆ. ಅದರ ಅಳಿವೆಯ ಬಳಚು ಆಯ್ದು ಬದುಕುವ ಹೆಂಗಸರಿದ್ದಾರೆ. ಬಳಚಿಗೆ ಉಪ್ಪು ನೀರು ಎಷ್ಟು ಬೇಕೋ ಸಿಹಿ ನೀರಿನ ಹದವೂ ಅಷ್ಟೇ ಬೇಕು. 2024ರಲ್ಲಿ ಈ ಅಳಿವೆಗೆ ರಾಮ್ಸರ್ ಪಟ್ಟ ಸಿಕ್ಕಿತು. ಇನ್ನೊಂದು ಕಡೆ ಬೇಡ್ತಿ–ವರದಾ, ಅಘನಾಶಿನಿ–ವೇದಾವತಿ ಅಂತ ನದಿ ಜೋಡಣೆಯ ಪ್ರಸ್ತಾಪಗಳು. ಅದರ ಪರವಾಗಿ ಮಾತಾಡುವವರೆಲ್ಲ ಹೇಳುವ ಒಂದು ಮಾತಿದೆಯಲ್ಲ, "ಸುಮ್ನೆ ಸಮುದ್ರಕ್ಕೆ ಹೋಗಿ ದಂಡ ಆಗೋ ನೀರು". ನಮ್ಮೂರ ಕಟ್ಟೆಯ ಮೇಲೂ ಕೇಳಿದ್ದೇನೆ. ಅದು ದಂಡ ಅಲ್ಲ ಅಂತ ತೋರಿಸೋಕೆ ಲೆಕ್ಕ ಬೇಕು: ನೀರು ಇಷ್ಟು ಕಮ್ಮಿಯಾದ್ರೆ ಬಳಚು ಎಷ್ಟು, ಸೀಗಡಿ ಎಷ್ಟು, ಅದರ ಮೇಲೆ ಸಮುದ್ರ ಒಂದು ಡಿಗ್ರಿ ಬಿಸಿಯಾದ್ರೆ ಎಷ್ಟು. ನದಿಯೇ ಕಾಣದ ಚೌಕ ಈ ಲೆಕ್ಕ ಕೊಡಲಾರದು. ಅಲ್ಲಿ ಅಘನಾಶಿನಿ ಹರಿದರೂ ಒಂದೇ, ತಿರುಗಿಸಿದರೂ ಒಂದೇ.

ಮೊನ್ನೆ ಮತ್ತೆ ಊರಿಗೆ ಹೋದಾಗ ಲ್ಯಾಪ್‌ಟಾಪಿನಲ್ಲಿ ಆ ನಕ್ಷೆ ತೆಗೆದು ಗಾಡಿಯವರಿಗೆ ತೋರಿಸಿದೆ. ಅವರು ಬೆರಳಿನಿಂದ ಪರದೆ ಹಿಗ್ಗಿಸಲು ನೋಡಿದ್ರು, ಚೌಕ ದೊಡ್ಡದಾಯ್ತೇ ಹೊರತು ಒಳಗೆ ಏನೂ ಕಾಣಲಿಲ್ಲ. "ಇದ್ರಲ್ಲಿ ತದಡಿ ಎಲ್ಲಿ?" ಅಂದ್ರು. ಬೆರಳಿಟ್ಟು ತೋರಿಸಿದೆ, ಅಂದಾಜಿನ ಮೇಲೆ.