ಹಳೇ ಜೀಪಿನ ಉಬ್ಬಸ

ಹುಲಿಕೆರೆಯ ಗೆಳೆಯನ ಹತ್ತಿರ 2012ರ ಡೀಸೆಲ್ ಜೀಪೊಂದಿದೆ. ಕಂಪನಿ ಯಾವುದಾದರೇನು, ನಮ್ಮ ಕಡೆ ಎತ್ತರದ ಬಾಡಿ ಇದ್ದದ್ದೆಲ್ಲ ಜೀಪೇ. ಕಾಯಿ ಹೇರಿಕೊಂಡು ಅರಸೀಕೆರೆಗೆ ಹೋಗುವುದು, ಮಿಕ್ಕ ದಿನ ತೋಟಕ್ಕೂ ಹಳೇಬೀಡಿಗೂ ತೆವಳುವುದು, ಅದರ ಬದುಕು ಇಷ್ಟೇ. ಈಚೆಗೆ ಒಂದು ಚಾಳಿ ಹಿಡಿದಿತ್ತು. ಥರ್ಡ್ ಗೇರಿಗೆ ಹಾಕಿ ಆಕ್ಸಿಲರೇಟರ್ ಒತ್ತಿದರೆ ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಬುಸ್ಸನೆ ಕರಿ ಹೊಗೆ, ಅದಾದ ಮೇಲೆ ಎಳೆತ. "ಉಬ್ಬಸದ ಮುದುಕನ ಥರ ಆಡ್ತದೆ ಕಣಯ್ಯ" ಅಂದ. ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್ ಎರಡೂ ಹೊಸದಾಗಿದ್ದವು. ಪಂಪು ಬಿಚ್ಚಿಸುವ ಮಾತು ನಡೆದಿತ್ತು.

ಪಂಪಿಗೆ ಕೈ ಹಾಕುವ ಮುಂಚೆ ಇಜಿಆರ್ ವಾಲ್ವ್ ನೋಡಬೇಕು ಎನ್ನುವುದು ನನ್ನ ಹಟ. ಸೈಲೆನ್ಸರ್ ಕಡೆ ಹೋಗುವ ಹೊಗೆಯಲ್ಲಿ ಒಂದು ಪಾಲನ್ನು ಇದು ತಿರುಗಿಸಿ ಎಂಜಿನ್ನಿಗೇ ಉಣಿಸುತ್ತದೆ. ಒಳಗೆ ಆಮ್ಲಜನಕ ಕಮ್ಮಿಯಾಗಿ ಉರಿ ತಣ್ಣಗಾಗುತ್ತದೆ, ನೈಟ್ರೋಜನ್ ಆಕ್ಸೈಡುಗಳು ಕಡಿಮೆ ಹುಟ್ಟುತ್ತವೆ. ನಿಧಾನಕ್ಕೆ ಓಡುವಾಗ ತೆರೆದಿರಬೇಕು, ಜೋರಾಗಿ ಒತ್ತಿದ ಕೂಡಲೇ ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ಗಾಳಿ ಬೇಕಾದ ಹೊತ್ತಿಗೆ ಹೊಗೆ ನುಗ್ಗುತ್ತದೆ. ಉಬ್ಬಸವಲ್ಲದೆ ಇನ್ನೇನು?

ಹುಲಿಕೆರೆಯ ಕಲ್ಯಾಣಿಯ ಹತ್ತಿರ, ಮರದ ನೆರಳಿಗೆ ಜೀಪು ನಿಲ್ಲಿಸಿಕೊಂಡೆವು. ಹೊಯ್ಸಳರ ಕಾಲದ ಆ ಮೆಟ್ಟಿಲು ಕೊಳ, ಒಳಸುತ್ತಿನ ಪುಟ್ಟ ಕಲ್ಲಿನ ಗುಡಿಗಳು. ಹಳೇಬೀಡಿನ ಜಂಗುಳಿ ಇಲ್ಲಿಗೆ ಬರುವುದಿಲ್ಲ, ಬರದಿರಲಿ. ಎಂಜಿನ್ ಆರಲು ಬಿಟ್ಟು, ವಾಲ್ವಿನ ವ್ಯಾಕ್ಯೂಮ್ ಪೈಪು ಕಿತ್ತು, ಇನ್ನೊಂದು ತುಂಡು ರಬ್ಬರ್ ಪೈಪು ಸಿಕ್ಕಿಸಿ ಬಾಯಲ್ಲೇ ಎಳೆದೆ. ಕಡ್ಡಿ ಮೇಲೆದ್ದಿತು. ಬಿಟ್ಟೆ. ಟಕ್ಕನೆ ಕೂರಬೇಕಾದದ್ದು ಸೋಮಾರಿಯಂತೆ ಅರ್ಧಕ್ಕೆ ಇಳಿದು ನಿಂತಿತು. ಕಳ್ಳ ಸಿಕ್ಕಿದ.

ಬಿಚ್ಚಿದರೆ ಒಳಗೆಲ್ಲ ಹಲಸಿನ ಅಂಟಿನಂಥ ಮಸಿ. ಬರೀ ಹೊಗೆಯ ಕರಿಯಾದರೆ ಉದುರುತ್ತದೆ. ಬ್ರೀದರ್ ಪೈಪಿನಿಂದ ಬರುವ ಎಣ್ಣೆ ಹಬೆ ಕಲೆತಾಗಲೇ ಹೀಗೆ ಡಾಂಬರಾಗುವುದು. ಮರದ ಚಕ್ಕೆಯಲ್ಲಿ ಕೆರೆದು, ಕಾರ್ಬ್ ಕ್ಲೀನರ್ ಹೊಡೆದು, ಹಳೇ ಬ್ರಷ್ಷಿನಲ್ಲಿ ಉಜ್ಜಿದೆವು. ಸ್ಕ್ರೂಡ್ರೈವರಿನಲ್ಲಿ ಕೆರೆಯುವ ಅವಸರಗೇಡಿಗಳು ವಾಲ್ವಿನ ಸೀಟಿಗೇ ಗೀರು ಹಾಕುತ್ತಾರೆ. ರಬ್ಬರಿನ ಡಯಾಫ್ರಮ್ಮಿಗೆ ಸ್ಪ್ರೇ ತಾಗಲೂಬಾರದು. ತಂದಿದ್ದ ಮೂರು ಡಬ್ಬ ಕ್ಲೀನರ್ ಪೈಕಿ ಎರಡು ಖಾಲಿಯಾಯಿತು. ಹೊಸ ಪ್ಯಾಕಿಂಗ್ ಹಾಕಿ ಕೂರಿಸಿ, ಮತ್ತೆ ಬಾಯಲ್ಲಿ ಎಳೆದು ಬಿಟ್ಟೆ. ಟಕ್!

"ಇಷ್ಟೆಲ್ಲ ಯಾಕೆ, ಒಂದು ತಗಡು ಕೊಟ್ಟು ಬಂದ್ ಮಾಡಿಸೋದಪ್ಪ, ಎಲ್ಲರೂ ಮಾಡಿಸ್ತಾರೆ" ಅಂದ ಗೆಳೆಯ. ಮಾಡಿಸುತ್ತಾರೆ, ನಿಜ. ಕೆಲವು ಗಾಡಿಗಳಲ್ಲಿ ಎಂಜಿನ್ ಲೈಟು ಹತ್ತಿಕೊಳ್ಳುತ್ತದೆ, ಕೆಲವಲ್ಲಿ ಅದೂ ಇಲ್ಲ. ಎಮಿಷನ್ ಟೆಸ್ಟಿನಲ್ಲೂ ಸಿಕ್ಕಿಬೀಳುವುದಿಲ್ಲ, ಏಕೆಂದರೆ ಡೀಸೆಲ್ ಗಾಡಿಗೆ ಅಲ್ಲಿ ಅಳೆಯುವುದು ಹೊಗೆಯ ದಟ್ಟಣೆಯನ್ನು ಮಾತ್ರ. ನೈಟ್ರೋಜನ್ ಆಕ್ಸೈಡನ್ನು ಕೇಳುವವರೇ ಇಲ್ಲ. ಜೀಪಿನ ಉಬ್ಬಸ ಬಿಡಿಸಿ ಅದನ್ನು ಬಸ್‌ಸ್ಟ್ಯಾಂಡಿನಲ್ಲಿ ನಿಂತ ಮಕ್ಕಳಿಗೆ ದಾಟಿಸುವ ರಿಪೇರಿ ನನಗೆ ರಿಪೇರಿಯಲ್ಲ.

ಮಸಿಗೆ ಡೀಸೆಲ್ಲನ್ನೇ ಬೈಯುವವರಿದ್ದಾರೆ. ಭಾರತ್ ಸ್ಟೇಜ್ 3ರ ಡೀಸೆಲ್ಲಿನಲ್ಲಿ 350 ಪಿಪಿಎಂವರೆಗೂ ಗಂಧಕ ಇರಬಹುದಿತ್ತು. 2020ರ ಏಪ್ರಿಲ್‌ನಿಂದ ಬಂಕಿನಲ್ಲಿ ಸಿಗುವುದಕ್ಕೆ ಮಿತಿ 10. ಇವತ್ತಿನ ಮಸಿಗೆ ಹೆಚ್ಚಿನ ಕಾರಣ ನಮ್ಮ ಓಡಾಟವೇ. ಎಂಜಿನ್ ಕಾಯುವ ಮೊದಲೇ ಆಫ್, ತೋಟದ ದಾರಿಯಲ್ಲಿ ಎರಡನೇ ಗೇರು. ವಾಲ್ವು ಸದಾ ತೆರೆದೇ ಇದ್ದರೆ ಕಟ್ಟದೆ ಏನು ಮಾಡೀತು?

ಹಳೇಬೀಡಿನ ಕಡೆ ಒಂದು ಸುತ್ತು ಹೊಡೆದೆವು. ಥರ್ಡಿನಲ್ಲಿ ಒತ್ತಿದರೆ ಒತ್ತಿದ್ದಕ್ಕೆ ಸರಿಯಾಗಿ ಎಳೆಯಿತು, ಕನ್ನಡಿಯಲ್ಲಿ ಹೊಗೆ ಕಾಣಲಿಲ್ಲ. ವಾಪಸು ಬಂದು ಬಾನೆಟ್ ಎತ್ತಿದಾಗ ಟರ್ಬೋದ ಹೋಸ್ ಕ್ಲಿಪ್ಪಿನ ಬುಡದಲ್ಲಿ ಎಣ್ಣೆ ಜಿನುಗಿತ್ತು. ಅರ್ಧ ಸುತ್ತು ಬಿಗಿ ಮಾಡಿದೆ. ಆ ಹೋಸನ್ನು ಈ ಮಳೆಗಾಲದೊಳಗೆ ಬದಲಾಯಿಸಬೇಕು. ಗೆಳೆಯ ಬರುವ ತಿಂಗಳು ಅಂದಿದ್ದಾನೆ.