ಒಂದೇ ಕೊಳಗದ ಅಳತೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 2022ರಲ್ಲಿ ‘ಪರಮ್ ಪ್ರವೇಗ’ ಸೂಪರ್ ಕಂಪ್ಯೂಟರ್ ಬಂದಾಗ ಸುದ್ದಿಯಲ್ಲಿ ಎದ್ದು ಕಂಡದ್ದು 3.3 ಪೆಟಾಫ್ಲಾಪ್ಸ್ ಎಂಬ ಅಂಕೆ. ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ! ಕೇಳಿದರೆ ಹೆಮ್ಮೆಯಾಗುತ್ತದೆ, ನನಗೂ ಆಯಿತು. ಆದರೆ ಮುಂಗಾರಿನ ಮೋಡಗಳ ಲೆಕ್ಕ ಹಾಕುವವರಿಗೆ ಈ ಯಂತ್ರ ಎಷ್ಟು ಬೇಗ ಉತ್ತರ ಕೊಡುತ್ತದೆ ಎಂಬುದು ಆ ಅಂಕೆಯಲ್ಲಿ ಇಲ್ಲ. ಸೂಪರ್ ಕಂಪ್ಯೂಟರುಗಳ ವೇಗ ಅಳೆಯುವ ಜಗತ್ತಿನ ರೂಢಿಯಲ್ಲೇ ಈ ಕೊರತೆ ಇದೆ.

ಆ ರೂಢಿಯ ಹೆಸರು ಲಿನ್‌ಪ್ಯಾಕ್. ಜ್ಯಾಕ್ ಡೊಂಗಾರ ಮತ್ತು ಜೊತೆಗಾರರು ಏಕಘಾತ ಸಮೀಕರಣಗಳನ್ನು ಬಿಡಿಸುವ ಪ್ರೋಗ್ರಾಂಗಳಿಗೆ 1979ರಲ್ಲಿ ಒಂದು ಕೈಪಿಡಿ ಬರೆದರು. ತಮ್ಮ ಲೆಕ್ಕಕ್ಕೆ ಎಷ್ಟು ಹೊತ್ತು ಹಿಡಿದೀತು ಎಂದು ಬಳಸುವವರು ಅಂದಾಜು ಮಾಡಿಕೊಳ್ಳಲಿ ಎಂದು ಅನುಬಂಧದಲ್ಲಿ ಹಲವು ಯಂತ್ರಗಳ ಸಮಯಪಟ್ಟಿ ಕೊಟ್ಟರು. ಆ ಅಳತೆಯೇ ಬೆಳೆದು, 1993ರಿಂದ ವರ್ಷಕ್ಕೆರಡು ಸಲ ಹೊರಬರುವ ಟಾಪ್500 ಪಟ್ಟಿಗೆ ಬುನಾದಿಯಾಯಿತು. ಅದರ ಗುಣಗಳನ್ನು ಮರೆಯಬಾರದು. ಮೂರು ದಶಕ ಒಂದೇ ಬಗೆಯ ಲೆಕ್ಕ ಇಟ್ಟುಕೊಂಡು ಬಂದ ಅಳತೆ ಈ ಕ್ಷೇತ್ರದಲ್ಲಿ ಬಹಳ ಇಲ್ಲ. ಉತ್ತರ ಸರಿಯಿದೆಯೇ ಎಂದೂ ಅದು ಪರೀಕ್ಷಿಸುತ್ತದೆ.

ತೊಂದರೆ ಇರುವುದು ಆ ಲೆಕ್ಕದ ಸ್ವಭಾವದಲ್ಲಿ. ಲಿನ್‌ಪ್ಯಾಕ್‌ನ ಮ್ಯಾಟ್ರಿಕ್ಸ್ ಸಂಖ್ಯೆಗಳಿಂದ ಇಡಿಕಿರಿದಿರುತ್ತದೆ. ಮೆಮೊರಿಯಿಂದ ಒಮ್ಮೆ ತಂದ ಸಂಖ್ಯೆ ಮತ್ತೆ ಮತ್ತೆ ಬಳಕೆಗೆ ಬರುವುದರಿಂದ ಪ್ರೊಸೆಸರ್‌ಗೆ ಬಿಡುವೇ ಇಲ್ಲ. ಹವಾಮಾನ, ದ್ರವದ ಹರಿವು, ಸೇತುವೆಯ ಬಲಾಬಲ ಇವುಗಳ ಲೆಕ್ಕ ಹಾಗಲ್ಲ. ಅಲ್ಲಿನ ಮ್ಯಾಟ್ರಿಕ್ಸ್ ಬಹುಪಾಲು ಸೊನ್ನೆ. ತಂದ ಸಂಖ್ಯೆಯಿಂದ ಒಂದು ಗುಣಾಕಾರ, ಒಂದು ಸಂಕಲನ ಮುಗಿಸಿದರೆ ಅದರ ಕೆಲಸ ಮುಗಿಯಿತು. ಪ್ರೊಸೆಸರ್ ಮುಂದಿನ ಸಂಖ್ಯೆಗಾಗಿ ಕಾಯುತ್ತ ಕೂರುತ್ತದೆ.

ಇದನ್ನು ಕಂಡು ಡೊಂಗಾರ ಅವರೇ ಮೈಕೆಲ್ ಹೆರೂ ಜೊತೆ ಸೇರಿ ಎಚ್‌ಪಿಸಿಜಿ ಎಂಬ, ಬಹುಪಾಲು ಸೊನ್ನೆ ತುಂಬಿದ ಇಂಥ ಲೆಕ್ಕಗಳಿಗೆ ಹೊಂದುವ ಇನ್ನೊಂದು ಅಳತೆ ರೂಪಿಸಿದರು. ಎರಡೂ ಅಳತೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಅಮೆರಿಕದ ಫ್ರಾಂಟಿಯರ್ 2022ರಲ್ಲಿ ಲಿನ್‌ಪ್ಯಾಕ್‌ನಲ್ಲಿ 1,102 ಪೆಟಾಫ್ಲಾಪ್ಸ್ ಮುಟ್ಟಿ ಮೊದಲ ಸ್ಥಾನಕ್ಕೇರಿತು. ಜಪಾನಿನ ಫುಗಾಕು 442ಕ್ಕೆ ನಿಂತಿತ್ತು. ಎಚ್‌ಪಿಸಿಜಿಯಲ್ಲಿ ಫುಗಾಕು 16 ಪೆಟಾಫ್ಲಾಪ್ಸ್, ಫ್ರಾಂಟಿಯರ್ 14. ಎರಡೂವರೆ ಪಟ್ಟು ‘ವೇಗದ’ ಯಂತ್ರ ಇಲ್ಲಿ ಹಿಂದೆ ಬಿತ್ತು! ಜಗತ್ತಿನ ಅತಿವೇಗದ ಯಂತ್ರ ಎಂಬ ಮಾತನ್ನು ಒಂದೇ ಕೊಳಗದಲ್ಲಿ ಅಳೆದು ಹೇಳುವುದು ತಪ್ಪು ಎಂದು ನಾನು ಹೇಳುವುದು ಇದಕ್ಕೇ. ಇಲಿನಾಯ್ ವಿಶ್ವವಿದ್ಯಾಲಯದ ಬ್ಲೂ ವಾಟರ್ಸ್ ಯಂತ್ರವನ್ನು ಟಾಪ್500 ಪಟ್ಟಿಗೆ ಕಳಿಸದಿರಲು 2012ರಲ್ಲಿ ನಿರ್ಧರಿಸಿದವರ ಧೈರ್ಯ ನನಗೆ ಮೆಚ್ಚುಗೆ.

ಯಂತ್ರದ ಮಾತು ಹೀಗಾದರೆ, ಅದರ ಮೇಲೆ ಓಡುವ ಸಮಾಂತರ ಪ್ರೋಗ್ರಾಂಗಳ ಅಳತೆಯಲ್ಲಿ ಮೋಸಕ್ಕೆ ಇನ್ನೂ ಹೆಚ್ಚು ಜಾಗವಿದೆ. ಒಂದು ಪ್ರೊಸೆಸರ್‌ನಲ್ಲಿ 100 ನಿಮಿಷ ಹಿಡಿದ ಲೆಕ್ಕ 64 ಪ್ರೊಸೆಸರ್‌ಗಳಲ್ಲಿ 2 ನಿಮಿಷಕ್ಕೆ ಮುಗಿಯಿತು ಎಂದಿಟ್ಟುಕೊಳ್ಳಿ. 50 ಪಟ್ಟು ವೇಗ ಎಂದು ಪ್ರಬಂಧದಲ್ಲಿ ಬರೆಯಬಹುದು. ಆದರೆ ಒಂದೇ ಪ್ರೊಸೆಸರ್‌ಗಾಗಿ ಚೆನ್ನಾಗಿ ಬರೆದ ಪ್ರೋಗ್ರಾಂ ಅದನ್ನು 20 ನಿಮಿಷದಲ್ಲಿ ಮುಗಿಸುವಂತಿದ್ದರೆ? ಗಳಿಕೆ 10 ಪಟ್ಟು ಮಾತ್ರ. ಹೋಲಿಕೆಗೆ ಬಡಕಲು ಎದುರಾಳಿಯನ್ನು ಆರಿಸಿಕೊಳ್ಳುವ ಇಂಥ ಉಪಾಯಗಳನ್ನು ಡೇವಿಡ್ ಬೇಲಿ 1991ರಲ್ಲೇ ಹನ್ನೆರಡು ಬಗೆಯಾಗಿ ಬಿಡಿಸಿ ತೋರಿಸಿದ್ದರು. ಅವರ ಲೇಖನ ಇಂದಿಗೂ ಹಳತಾಗಿಲ್ಲ ಎಂಬುದು ನನಗೆ ಬೇಸರದ ಸಂಗತಿ.

ಒಳ್ಳೆಯ ಅಳತೆ ಏನು ಮಾಡಬಲ್ಲದು ಎಂಬುದಕ್ಕೆ ಅಮೆರಿಕದ ಲಾಸ್ ಅಲಮೋಸ್‌ನ ಎಎಸ್‌ಸಿಐ ಕ್ಯೂ ಯಂತ್ರದ ಕತೆ ನನ್ನ ಮೆಚ್ಚಿನ ಉದಾಹರಣೆ. ಅದರೊಳಗಿನ ಪ್ರತಿ ಬಿಡಿ ಕಂಪ್ಯೂಟರಿನಲ್ಲಿ, ಅಂದರೆ ನೋಡ್‌ನಲ್ಲಿ ನಾಲ್ಕು ಪ್ರೊಸೆಸರ್. ಸಾವಿರಾರು ಪ್ರೊಸೆಸರ್‌ಗಳಲ್ಲಿ ಓಡುವಾಗ ನಾಲ್ಕರಲ್ಲಿ ಒಂದನ್ನು ಖಾಲಿ ಬಿಟ್ಟರೆ ಪ್ರೋಗ್ರಾಂ ಇನ್ನೂ ಬೇಗ ಮುಗಿಯುತ್ತಿತ್ತು! ಫ್ಯಾಬ್ರಿಸಿಯೊ ಪೆಟ್ರಿನಿ ಮತ್ತು ಸಂಗಡಿಗರು ಮೊದಲು ಮಾಡಿದ ಕೆಲಸ, ಈ ಯಂತ್ರ ನಿಜಕ್ಕೂ ಎಷ್ಟು ವೇಗವಾಗಿ ಓಡಬೇಕು ಎಂಬ ಲೆಕ್ಕ ಹಾಕಿದ್ದು. ಇರಬೇಕಾದದ್ದಕ್ಕೂ ಇರುವುದಕ್ಕೂ ಅಂತರ ಕಂಡ ಮೇಲೆ ಕಾರಣ ಹುಡುಕಿದರು. ಪ್ರತಿ ನೋಡ್‌ನಲ್ಲೂ ಆಪರೇಟಿಂಗ್ ಸಿಸ್ಟಮ್ ಆಗಾಗ ತನ್ನ ಚಿಲ್ಲರೆ ಕೆಲಸಕ್ಕೆ ಪ್ರೊಸೆಸರನ್ನು ಎರವಲು ಪಡೆಯುತ್ತಿತ್ತು. ಬಿಡಿಯಾಗಿ ನೋಡಿದರೆ ಅದು ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಸಮಾಂತರ ಲೆಕ್ಕವಾದರೋ ಪಂಕ್ತಿಯ ಊಟವಿದ್ದಂತೆ, ಕೊನೆಯವರು ಮುಗಿಸುವ ತನಕ ಯಾರೂ ಏಳುವಂತಿಲ್ಲ. ಒಂದೊಂದು ಸುತ್ತಿನಲ್ಲಿ ಒಬ್ಬೊಬ್ಬರು ತಡಮಾಡಿದರೂ ಸಾವಿರಾರು ಜನ ಪ್ರತಿ ಸುತ್ತಿನಲ್ಲೂ ಕಾಯಬೇಕು. ಆ ಅಡಚಣೆ ತೆಗೆದಾಗ ‘ಸೇಜ್’ ಎಂಬ ಅವರ ಮುಖ್ಯ ಪ್ರೋಗ್ರಾಂನ ವೇಗ ಸುಮಾರು ಎರಡು ಪಟ್ಟಾಯಿತು. ಹೊಸ ಯಂತ್ರಾಂಶ ಒಂದೂ ಬೇಕಾಗಲಿಲ್ಲ. ಇದನ್ನೆಲ್ಲ ವಿವರಿಸುವ ಅವರ 2003ರ ಪ್ರಬಂಧ ಓದಿದ ಮೇಲೆ, ಪ್ರಯೋಗವನ್ನು ಹಲವು ಸಲ ಓಡಿಸಿ ಅತಿ ಒಳ್ಳೆಯ ಒಂದೇ ಅಂಕೆ ಕೊಡುವ ವರದಿಗಳನ್ನು ನಾನು ನಂಬುವುದಿಲ್ಲ.

ನಮ್ಮ ಸಂಶೋಧಕರಲ್ಲಿ ನನ್ನ ಕೋರಿಕೆ ಇಷ್ಟು: ಎಷ್ಟು ಪಟ್ಟು ಎನ್ನುವ ಮೊದಲು ಎಷ್ಟು ಸೆಕೆಂಡು ಎಂದು ಬರೆಯಿರಿ, ಎಷ್ಟು ಸಲ ಓಡಿಸಿದಿರಿ, ಏರುಪೇರು ಎಷ್ಟಿತ್ತು ಎಂಬುದನ್ನೂ ಕೊಡಿ. ಸಂಸ್ಥೆಗಳಲ್ಲಿಯೂ ಒಂದು ಕೋರಿಕೆ. ಮುಂದಿನ ಪರಮ್ ಯಂತ್ರದ ಉದ್ಘಾಟನೆಯ ದಿನ ಪೆಟಾಫ್ಲಾಪ್ಸ್ ಅಂಕೆಯ ಪಕ್ಕದಲ್ಲೇ, ಒಂದು ದಿನದ ಮಳೆಯ ಮುನ್ಸೂಚನೆಯ ಲೆಕ್ಕ ಅದರ ಮೇಲೆ ಎಷ್ಟು ನಿಮಿಷದಲ್ಲಿ ಮುಗಿಯಿತು ಎಂಬುದನ್ನೂ ಪ್ರಕಟಿಸಿ.